ನನ್ನ ಭಿಕ್ಷೆ ಉಳಿಸಿದ ಭಿಕ್ಷು

"ಇನ್ಮ್ಯಾಕೆ ನಮ್ಮನೆ ಭಿಕ್ಸೆ ನಿಮಗೊಬ್ರಿಗೇ ಕಣ್ ಬುದ್ಧಿ. ಅಯ್ಯನೋರ್ಗೆ ಇಲ್ಲ ಅಂದ್ಬುಡ್ತೀನಿ" ಎಂದು ಹೊಳೆನರಸೀಪುರದ ಜವಳಿ ವ್ಯಾಪಾರಿ ಶಿವಣ್ಣ ಬೌದ್ಧ ಭಿಕ್ಷುವಿಗೆ ಹೇಳುವಾಗ, ಆ ಅಯ್ಯ, ಅಂದರೆ ಊರಿನ ಜಂಗಮನಾದ ನಾನು ಜೋಳಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಯುದ್ಧದ ಕಾಲ, ಅಕ್ಕಿ ಸಿಗುವುದೇ ಕಷ್ಟ. ಇಪ್ಪತ್ತು ವರ್ಷ ನಾನು ಕೂತು ಉಂಡ ಮಣೆಯ ಮೇಲೆ, ವಾರದ ಹಿಂದೆ ಊರಿಗೆ ಬಂದವನು ಕೂತಿದ್ದ. ನನ್ನ ಹೊಟ್ಟೆ ಉರಿದುಹೋಯಿತು.

"ಬೇಡಪ್ಪ" ಎಂದರು ಭಿಕ್ಷು. "ಜೈನ ಮುನಿಗಳನ್ನು ಬಿಟ್ಟು ತನ್ನ ಬಳಿ ಬಂದ ಗೃಹಸ್ಥನಿಗೂ ಬುದ್ಧ, ಅವರಿಗೆ ಅನ್ನ ಕೊಡುವುದನ್ನು ನಿಲ್ಲಿಸಬೇಡ ಎಂದಿದ್ದ. ಮೊದಲು ಅಯ್ಯನವರಿಗೆ ಬಡಿಸು."

ಶಿವಣ್ಣ ನಾಚಿ ನನ್ನನ್ನು ಒಳಗೆ ಕರೆದ. ಭಿಕ್ಷು ಎದ್ದು ಜಾಗ ಬಿಟ್ಟರು. ತಲೆ ಎತ್ತದೆ ಉಂಡೆ.

ಮರುದಿನ ಅವರು ಅರಕಲಗೂಡಿನ ಕಡೆ ಹೊರಟುಹೋದರು. ನನ್ನ ಹೊಟ್ಟೆಕಿಚ್ಚು ಮಾತ್ರ ಹೋಗಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಆ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲವಲ್ಲ ಎಂದು ಇಂದಿಗೂ ಅವರ ಮೇಲೆ ಅಸೂಯೆ.