ತಮ್ಮನಿಗೆ ಕೋವಿ ಆರಿಸಲು ಅಡಿಲೇಡಿಗೆ

ಪರ್ತ್‌ನಲ್ಲಿ ಇಳಿದಾಗ ನನ್ನ ಬಳಿ ಅನುಮಾನ ಹುಟ್ಟಿಸುವಂಥ ವಸ್ತು ಇದ್ದದ್ದು ಒಂದೇ, ಕಾಚಂಪುಳಿಯ ಬಾಟಲಿ. ಹಂದಿ ಸಾರಿಗೆ ಹಾಕುವ ಆ ಕಪ್ಪು ಹುಳಿಯನ್ನು ಕೊಡಗಿನವರು ಎಲ್ಲಿಗೆ ಹೋದರೂ ಹೊತ್ತೊಯ್ಯುತ್ತಾರೆ. ತಪಾಸಣೆಯ ಹೆಂಗಸು ಬಾಟಲಿಯನ್ನು ಬೆಳಕಿಗೆ ಹಿಡಿದು, “ಇದೇನು, ಎಂಜಿನ್ ಆಯಿಲ್ಲಾ?” ಎಂದು ಕೇಳಿದಳು. “ವಿನಿಗರ್” ಎಂದೆ. ಸೀಲು ಒಡೆದಿಲ್ಲವೆಂದು ನೋಡಿ ಬಿಟ್ಟಳು. ಬಂದ ಕೆಲಸವೇನೆಂದು ಅವಳು ಕೇಳದಿದ್ದದ್ದು ಒಳ್ಳೆಯದಾಯಿತು. ತಮ್ಮನಿಗೆ ಕೋವಿ ಆರಿಸಿಕೊಡಲು ಬಂದಿದ್ದೇನೆ ಎಂದು ವಿಮಾನ ನಿಲ್ದಾಣದಲ್ಲಿ ನಿಂತು ಹೇಳುವುದು ಜಾಣತನವಲ್ಲ.

ಅಲ್ಲಿಂದ ಅಡಿಲೇಡಿಗೆ ಮೂರು ಗಂಟೆಯ ಹಾರಾಟ. ಕೆಳಗೆ ಉದ್ದಕ್ಕೂ ಕೆಂಪು ನೆಲ, ನಡುವೆ ಉಪ್ಪಿನ ಕೆರೆಗಳು, ಒಂದು ಊರೂ ಕಣ್ಣಿಗೆ ಬೀಳಲಿಲ್ಲ. ತಮ್ಮ ಪೂವಯ್ಯ, ನಮಗೆಲ್ಲ ಪೂವಿ, ಕಾರು ತಂದಿದ್ದ. ಅವನು ಸ್ಯಾಲಿಸ್‌ಬರಿಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್. ಹೆಂಡತಿ ಭಾರತಿ ಮೈಸೂರಿನವಳಾದ್ದರಿಂದ ಆ ಮನೆಯಲ್ಲಿ ಕೊಡವ ತಕ್ಕಿಗಿಂತ ಕನ್ನಡವೇ ಹೆಚ್ಚು ನಡೆಯುತ್ತದೆ. ಕೋವಿಯಿಲ್ಲದ ಮನೆಯನ್ನು ಮನೆಯೆಂದು ಒಪ್ಪಿಕೊಳ್ಳಲು ನಮ್ಮವರಿಗೆ ಕಷ್ಟ. ಪೂವಿ ಹದಿನಾಲ್ಕು ವರ್ಷ ಹಾಗೆಯೇ ಕಳೆದಿದ್ದ. ಈಗ ಲೈಸೆನ್ಸ್ ಆಗಿತ್ತು. ಮನೆಗೆ ಬರುವ ಮೊದಲ ಕೋವಿಯನ್ನು ಹಿರಿಯರು ಆರಿಸಬೇಕು, ಮನೆಯ ಹಿರಿಯರಲ್ಲಿ ಉಳಿದವಳು ನಾನೊಬ್ಬಳೇ. ಕೋವಿಗೆ ಪೂಜೆ ಸಲ್ಲಿಸುವ ಕೈಲ್ ಪೊಳ್ದ್ ಹಬ್ಬದಲ್ಲಿ ಮೂರು ಸಲ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆದು ಗೆದ್ದವಳು ಎಂಬ ಹಳೆಯ ಕೀರ್ತಿಯೂ ಸ್ವಲ್ಪ ಇತ್ತು.

ಬೇಟೆಗೆ ಜಾಗವೂ ಗೊತ್ತಾಗಿತ್ತು. ಊರಿಂದ ಎರಡು ಗಂಟೆ ದೂರದಲ್ಲಿ ಕುರಿ ಸಾಕುವ ಹೆದರ್ ಎಂಬಾಕೆಯ ಹುಲ್ಲುಗಾವಲನ್ನು ಫ್ಯಾಲೋ ಎಂಬ ಜಾತಿಯ ಜಿಂಕೆಗಳು ಮೇಯ್ದು ಬೋಳುಮಾಡುತ್ತಿದ್ದವು. ಆಕೆಯದು ಒಂದೇ ಷರತ್ತು. ಮೊದಲ ಸಲ ತಾನೇ ಪಕ್ಕದಲ್ಲಿ ನಿಲ್ಲುತ್ತಾಳೆ. ಗಾಯಗೊಂಡ ಜಿಂಕೆ ಓಡಿಹೋಯಿತೋ, ಪೂವಿ ಮತ್ತೆ ಆ ಗೇಟಿನ ಒಳಗೆ ಕಾಲಿಡುವಂತಿಲ್ಲ. ಬೇರೆ ಯಾರೂ ಅವನಿಗೆ ಜಾಗ ಕೊಟ್ಟಿರಲಿಲ್ಲ.

“ಮುನ್ನೂರರ ಮ್ಯಾಗ್ನಮ್ ತಗೊಂಡ್ಬಿಡೋಣ ಅಕ್ಕ” ಎಂದ ಪೂವಿ ಮಾರನೆಯ ದಿನ ಕೋವಿ ಅಂಗಡಿಯಲ್ಲಿ, ಭಾರಿ ಒದೆತದ ಒಂದನ್ನು ತೋರಿಸಿ. “ಬಿದ್ರೆ ಎದ್ದೇಳ್ಬಾರ್ದು.”

“ಜಿಂಕೆಯೋ ನೀನೋ?” ಎಂದೆ.

ಅವನು ನಗಲಿಲ್ಲ. ಹೈಸ್ಕೂಲಿನಲ್ಲಿದ್ದಾಗ ಅಪ್ಪನ ಜೋಡುನಳಿಗೆಯ ಕೋವಿ ಒದ್ದು ಅವನನ್ನು ಗದ್ದೆಯ ಬದುವಿನ ಮೇಲೆ ಕೂರಿಸಿದ್ದು ನಮ್ಮಿಬ್ಬರಿಗೂ ನೆನಪಿತ್ತು. ಅಂದಿನಿಂದ ಅವನು ಕೋವಿಯ ಕುದುರೆ ಎಳೆಯುವ ಮೊದಲೇ ಬೆಚ್ಚುತ್ತಿದ್ದ. ನಮ್ಮ ಕಡೆ ಕೋವಿಯೆಂದರೆ ದೊಡ್ಡ ಬಾಯಿ, ದೊಡ್ಡ ಸದ್ದು. ಕಾಡುಹಂದಿ ಕಾಫಿ ಗಿಡಗಳ ನಡುವಿನಿಂದ ಇಪ್ಪತ್ತು ಹೆಜ್ಜೆ ಮುಂದೆ ನುಗ್ಗಿದಾಗ ಅದು ಸರಿ. ಇಲ್ಲಿ ಬಯಲು. ಜಿಂಕೆ ನೂರೈವತ್ತು ಮೀಟರ್ ಆಚೆ ನಿಂತು ಮೇಯುತ್ತದೆ. ಹೆಣ್ಣು ಫ್ಯಾಲೋ ಐವತ್ತು ಕೆಜಿ ದಾಟುವುದಿಲ್ಲ. ಅದಕ್ಕೆ ಬೇಕಾದದ್ದು ಸರಿಯಾದ ಜಾಗಕ್ಕೆ ಹೋಗುವ ಒಂದು ಗುಂಡು.

ಅಂಗಡಿಯವರದೇ ಗುಂಡು ಹೊಡೆಯುವ ಮೈದಾನವಿತ್ತು. ಅಲ್ಲಿದ್ದವನನ್ನು ಪಕ್ಕಕ್ಕೆ ಕರೆದು, ಪೂವಿಗೆ ಗೊತ್ತಾಗದಂತೆ ಮದ್ದಿಲ್ಲದ ಒಂದು ಹುಸಿ ತೋಟೆ ಸೇರಿಸಲು ಹೇಳಿದೆ. ಮ್ಯಾಗ್ನಮ್‌ನಲ್ಲಿ ಎರಡು ಹೊಡೆದ ಪೂವಿ ಮೂರನೆಯದಕ್ಕೆ ಕಣ್ಣು ಮುಚ್ಚಿ, ಹೆಗಲು ಕುಗ್ಗಿಸಿ, ನಳಿಗೆಯನ್ನು ಕೆಳಕ್ಕೆ ಜಗ್ಗಿದ. ಸದ್ದೇ ಬರಲಿಲ್ಲ. ಬಂದದ್ದು ಟಿಕ್ ಎಂಬ ಶಬ್ದವೊಂದೇ.

ಅವನ ಕಿವಿ ಕೆಂಪಾಯಿತು. “ಚೀಟಿಂಗ್ ಅಕ್ಕ ಇದು” ಎಂದ.

“ಹೌದು” ಎಂದೆ. “ನೀನು ಬೆಚ್ಚಿದ್ದನ್ನ ಜಿಂಕೆ ಹೇಳಲ್ಲ, ಅದಕ್ಕೇ ನಾನು ಹೇಳ್ತಿದೀನಿ.”

ಆಮೇಲೆ ಒದೆತ ಕಡಿಮೆಯ ಮುನ್ನೂರ ಎಂಟರ ಕೋವಿಯಲ್ಲಿ ಹೊಡೆದ, ಪರವಾಗಿಲ್ಲ ಎನಿಸಿತು. ಇನ್ನೂರ ನಲವತ್ತಮೂರರ ಕೋವಿ ಕೊಟ್ಟಾಗ ಹುಸಿ ತೋಟೆಗೂ ಕಣ್ಣು ಮಿಟುಕಿಸಲಿಲ್ಲ. ಅದರ ನಳಿಗೆಯ ರಂಧ್ರ ಕಾಲು ಇಂಚಿಗಿಂತ ಕಿರಿದು, ಒದೆತ ಕಡಿಮೆ, ಕೋವಿಯೂ ಹಗುರ. ತುದಿ ಮೆತ್ತಗಿರುವ ನೂರು ಗ್ರೇನ್ ತೂಕದ ಗುಂಡು ಒಳಹೊಕ್ಕ ಮೇಲೆ ಅಣಬೆಯ ಹಾಗೆ ಅರಳುತ್ತದೆ. ಫ್ಯಾಲೋಗೆ ಅಷ್ಟು ಸಾಕು. ಪೂವಿ ಮ್ಯಾಗ್ನಮ್ ಕಡೆ ಒಮ್ಮೆ ನೋಡಿ, ಸಣ್ಣದಕ್ಕೆ ಒಪ್ಪಿದ. ಮನೆಗೆ ಬಂದು ಹೇಳಿದಾಗ ಭಾರತಿ ಮಾತ್ರ, “ಅಡುಗೆ ಮಾಡೋಳು ನಾನು. ಯಾವ ಗುಂಡಾದ್ರೂ ಮಾಂಸ ಹಾಳಾಗ್ಬಾರ್ದು ಅಷ್ಟೆ” ಎಂದಳು.

ಪೊಲೀಸರ ಪರವಾನಗಿ ಬಂದು ಕೋವಿ ಕೈ ಸೇರಲು ಕೆಲವು ವಾರ ಬೇಕು. ಆ ಹೊತ್ತನ್ನು ಬ್ರಿಸ್ಬೇನಿನಲ್ಲಿ ಮಗಳು ದೇಚಮ್ಮನ ಮನೆಯಲ್ಲಿ ಕಳೆದೆ. ಏಪ್ರಿಲ್ ಬಂದರೂ ಅಲ್ಲಿ ಸೆಕೆ ಬಿಟ್ಟಿರಲಿಲ್ಲ. ಅವಳಿರುವ ಸನ್ನಿಬ್ಯಾಂಕಿನಲ್ಲಿ ಚೀನೀ ಅಂಗಡಿಗಳೇ ಹೆಚ್ಚು, ಕೆಸುವಿನ ಗೆಡ್ಡೆಯೂ ಬಿದಿರಿನ ಕಳಲೆಯೂ ಸಿಕ್ಕವು. ಬಸ್ಸಿನಲ್ಲಿ ಎಲ್ಲಿಗೆ ಹೋದರೂ ಐವತ್ತು ಸೆಂಟ್.

ಒಂದು ಭಾನುವಾರ ಸಮುದ್ರ ನೋಡಲು ಹೋದೆವು. ಮರಳ ದಿಬ್ಬದಲ್ಲಿ ಕೈಗವಸು ಹಾಕಿದ ಹಲವರು ಬಗ್ಗಿ ಏನನ್ನೋ ಕಿತ್ತು ಚೀಲಕ್ಕೆ ತುಂಬುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ತೋಕ್ ಪೂ, ನಮ್ಮ ಕೋವಿ ಹೂವು! ಬೆಂಕಿಯ ಬಣ್ಣದ ಆ ಹೂವನ್ನು ಕೈಲ್ ಪೊಳ್ದ್ ದಿನ ಕೋವಿಯ ಬಾಯಿಗೆ ಸಿಕ್ಕಿಸಿ ಪೂಜೆ ಮಾಡುತ್ತೇವೆ. “ಇದು ಕಳೆ, ಎಲ್ಲ ಕಡೆ ಹಬ್ಬಿಬಿಟ್ಟಿದೆ” ಎಂದು ಅವರಲ್ಲೊಬ್ಬ ಮುದುಕ ಬೇಸರದಿಂದ ಹೇಳಿದ. ನನಗೆ ನಗು ಬಂತು. ಫೋಟೋ ತೆಗೆದು ಪೂವಿಗೆ ಕಳಿಸಿದೆ. ಕಳಿಸಬಾರದಿತ್ತು ಎಂದು ಆಮೇಲೆ ಅನ್ನಿಸಿತು.

ಮತ್ತೆ ಅಡಿಲೇಡಿಗೆ ಬಂದಾಗ ಚಳಿ ಶುರುವಾಗಿತ್ತು, ಕೋವಿಯೂ ಮನೆಗೆ ಬಂದಿತ್ತು. ಆರಿಸಿದ ಹಿರಿಯರೇ ಅದನ್ನು ಕೈಯಲ್ಲಿ ಕೊಡುವುದು ರೂಢಿ. ಆದರೆ ಲೈಸೆನ್ಸ್ ಇಲ್ಲದ ನಾನು ಮುಟ್ಟಕೂಡದೆಂದು ಪೂವಿ ಪಟ್ಟುಹಿಡಿದ. ಕಾನೂನು ಅವನ ಕಡೆ ಇತ್ತು, ನಾನು ಸುಮ್ಮನಾದೆ. ನಾನು ದೀಪ ಹಚ್ಚಿದೆ. ಅವನು ಪೂಜೆ ಮುಗಿಸಿ, ನಾನು ಕಳಿಸಿದ ಫೋಟೋ ನೆನೆದು, ತೋಕ್ ಪೂ ಸಿಗದಿದ್ದರೇನು ಎಂದು ಅಂಗಳದ ಸೇವಂತಿಗೆಯೊಂದನ್ನು ದೇಟಿನ ಸಮೇತ ನಳಿಗೆಗೆ ಸಿಕ್ಕಿಸಿದ. ನೋಡಲು ಚೆನ್ನಾಗಿಯೇ ಇತ್ತು.

ಶನಿವಾರ ಮಧ್ಯಾಹ್ನ ಹೊರಟೆವು. ದಾರಿಯಲ್ಲಿ ಒಂದು ಪೆಟ್ರೋಲ್ ಬಂಕಿನಲ್ಲಿ ಕಾಫಿ ಕುಡಿದೆವು. “ಇಲ್ಲಿ ಇದನ್ನ ಸರ್ವೋ ಅಂತಾರೆ ಅಕ್ಕ” ಎಂದು ಕಲಿಸಿದ ಪೂವಿ ತನ್ನ ಕಾಫಿಯನ್ನು ಅರ್ಧಕ್ಕೇ ಬಿಟ್ಟ. ಹೆದರ್ ಗೇಟಿನ ಬಳಿ ಕಾಯುತ್ತಿದ್ದಳು. ಎತ್ತರದ ಹೆಂಗಸು, ಮಾತು ಕಡಿಮೆ. ಸಂಜೆ ಬಿಸಿಲು ಓರೆಯಾಗುವ ಹೊತ್ತಿಗೆ ಮೂವರೂ ಒಂದು ದಿಬ್ಬದ ಹಿಂದೆ ಕೂತೆವು. ಸ್ವಲ್ಪ ಹೊತ್ತಿಗೆ ಮರಗಳ ಅಂಚಿನಿಂದ ಹೆಣ್ಣು ಜಿಂಕೆಯೊಂದು ಬಯಲಿಗೆ ಬಂದು, ಪಕ್ಕೆ ತೋರಿಸಿ ನಿಂತಿತು. ಇದಕ್ಕಿಂತ ಒಳ್ಳೆಯ ಗುರಿ ಬೇಟೆಗಾರನಿಗೆ ಸಿಗುವುದಿಲ್ಲ.

ಪೂವಿ ಮಲಗಿ ತೋಟೆಗೆ ಕೈಹಾಕಿದ.

“ನಳಿಗೆ ನೋಡ್ಕೊಂಡ್ಯಾ?” ಎಂದು ಪಿಸುಗುಟ್ಟಿದೆ. ನಮ್ಮ ಮನೆಯಲ್ಲಿ ಅಪ್ಪ ತೋಟೆ ತುಂಬುವ ಮೊದಲು ಕೋವಿಯನ್ನು ನಡುವಿನಲ್ಲಿ ಮಡಚಿ ತೆರೆದು, ನಳಿಗೆಯೊಳಗಿಂದ ಆಕಾಶ ನೋಡುತ್ತಿದ್ದರು.

“ಬೆಳಿಗ್ಗೆ ಹೂ ತೆಗೆದಿದೀನಿ ಅಕ್ಕ. ಟೈಮಿಲ್ಲ ಈಗ.”

“ನೋಡು ಅಂದ್ನಲ್ಲ.”

ಜಿಂಕೆ ತಲೆಯೆತ್ತಿತು. ಪೂವಿ ಹಲ್ಲು ಕಚ್ಚಿಕೊಂಡು ಕೋವಿಯ ಹಿಂಬದಿಯ ಬೋಲ್ಟ್ ಎಳೆದು ತೆಗೆದು, ನಳಿಗೆಯನ್ನು ಆಕಾಶಕ್ಕೆ ಹಿಡಿದ. ಅವನು ಹಿಂದಿನಿಂದ ನೋಡಿದ. ಕೋವಿಯನ್ನು ನನ್ನ ಕಣ್ಣಿನ ಮಟ್ಟಕ್ಕೆ ತಂದ. ಮುಟ್ಟದೆ ಬಗ್ಗಿ ನೋಡಿದೆ. ಒಳಗೆ ಕತ್ತಲೆ. ಅಪ್ಪನ ಕೋವಿಯ ಬಾಯಿಗೆ ಹೂವು ಸಡಿಲ, ತಾನೇ ಉದುರುತ್ತಿತ್ತು. ನಾನು ಆರಿಸಿದ ಈ ಕಿರಿದಾದ ನಳಿಗೆಯಲ್ಲಿ ಸೇವಂತಿಗೆಯ ದೇಟು ಬಿಗಿಯಾಗಿ ಕೂತು ಒಳಗೇ ಮುರಿದಿತ್ತು. ಹೊಡೆದಿದ್ದರೆ ನಳಿಗೆ ಅವನ ಮುಖದ ಮುಂದೆಯೇ ಸಿಡಿಯಬಹುದಿತ್ತು.

ನಳಿಗೆ ಶುಚಿಮಾಡುವ ಸಲಾಕೆ ಮನೆಯಲ್ಲೇ ಉಳಿದಿತ್ತು. ಹೆದರ್ ಬಳಿ ಇದ್ದದ್ದು ದಪ್ಪ ನಳಿಗೆಯದು. ಏನಾಯಿತೆಂದು ಆಕೆ ಕೇಳಿದಾಗ ಪೂವಿ ಸುಳ್ಳು ಹೇಳಬಹುದಿತ್ತು. ಪೂಜೆ, ಹೂವು, ದೇಟು ಎಲ್ಲವನ್ನೂ ತಲೆತಗ್ಗಿಸಿ ಹೇಳಿದ. ಜಿಂಕೆ ಅಲ್ಲೇ ನಿಧಾನವಾಗಿ ಮೇಯುತ್ತಿತ್ತು. ಮೂವರೂ ಅದನ್ನೇ ನೋಡುತ್ತ ಕೂತೆವು.

“ಕುಡಿದು ಬಂದವರನ್ನು ನೋಡಿದ್ದೇನೆ, ಗುರಿ ತಪ್ಪಿಸಿದವರನ್ನೂ ನೋಡಿದ್ದೇನೆ” ಎಂದಳು ಹೆದರ್ ಕೊನೆಗೆ. “ಜಿಂಕೆ ಎದುರಿಗೇ ನಿಂತಿರುವಾಗ ಕೋವಿ ಬಿಚ್ಚಿ ನೋಡಿದವನನ್ನು ನೋಡಿದ್ದು ಇವತ್ತೇ. ಮುಂದಿನ ಶನಿವಾರ ಬಾ.” ಆಮೇಲೆ ನನ್ನ ಕಡೆ ತಿರುಗಿ, “ನೀವೂ ಬನ್ನಿ” ಎಂದಳು. ಮುಂದಿನ ಶನಿವಾರ ನನ್ನ ವಿಮಾನವಿತ್ತು.

ಮರಳುವಾಗ ಪರ್ತ್‌ನಲ್ಲಿ ಇನ್ನೊಂದು ವಿಮಾನಕ್ಕೆ ಕಾಯಬೇಕಿತ್ತು. ಸಂಜೆ ನಿಲ್ದಾಣದಲ್ಲಿ ಸಪ್ಪೆ ಸ್ಯಾಂಡ್‌ವಿಚ್ ತಿನ್ನುತ್ತಿದ್ದಾಗ ಪೂವಿಯ ಫೋನು ಬಂತು.

“ಬೆಳಗಿನ ಜಾವಾನೇ ಹೋಗಿದ್ದೆ, ಒಂದೇ ಗುಂಡು ಅಕ್ಕ. ನಿಂತಲ್ಲೇ ಬಿದ್ದೋಯ್ತು. ಹೆದರ್ ಗೇಟಿನ ಕೀ ಕೊಟ್ಬಿಟ್ಲು.”

“ನಳಿಗೆ?”

“ಮೂರು ಸಲ ನೋಡ್ದೆ. ಹೂವನ್ನ ಈ ಸಲ ದೀಪದ ಹತ್ರ ಇಟ್ಟಿದ್ದೆ.” ಹಾಗೆಯೇ ಮುಂದುವರಿಸಿದ, “ಅಲ್ಲೇ ಪಾಲು ಹಾಕ್ದೆ, ನಮ್ಮ ಕಡೆ ಥರಾನೇ. ಹೆದರ್‌ಗೊಂದು, ನಮ್ಗೊಂದು, ನಿಂಗೊಂದು. ನಿನ್ ಪಾಲಿನ್ ಮೇಲೆ ನಿನ್ ಹೆಸ್ರು ಬರ್ದು ಫ್ರೀಜರ್‌ನಲ್ಲಿಟ್ಟಿದೀನಿ. ನೀನು ಬರೋವರ್ಗೂ ಯಾರೂ ಮುಟ್ಟಂಗಿಲ್ಲ.”

ಬೇಟೆಯ ಪಾಲು ನಮ್ಮ ಮನೆಗೆ ಅಪ್ಪನ ಹೆಸರಿನಲ್ಲಿ ಬರುತ್ತಿತ್ತು. ಅಪ್ಪನಿಗೆ ಬೇಟೆಗೆ ಹೋಗಲಾಗದ ವರ್ಷಗಳಲ್ಲಿ, ಕೋವಿಯ ಸದ್ದಿಗೇ ಬೆಚ್ಚುತ್ತಿದ್ದ ಪೂವಿಯ ಹೆಸರಿನಲ್ಲಿ ಬರುತ್ತಿತ್ತು. ಮೂರು ಸಲ ತೆಂಗಿನಕಾಯಿ ಉರುಳಿಸಿದರೂ ನನ್ನ ಹೆಸರು ಕೂಗಿ ಯಾರೂ ಪಾಲು ಇಟ್ಟಿರಲಿಲ್ಲ. ನಾನು ಸಾರಿಗೆ ಮಸಾಲೆ ಅರೆದು ಅದನ್ನು ಬೇಯಿಸುತ್ತಿದ್ದೆ, ಅಷ್ಟೆ. ಅದರಿಂದ ಬೇಸರವಾಗಿತ್ತೆಂದು ಅರವತ್ತು ದಾಟಿದ ಮೇಲೆ ಆ ನಿಲ್ದಾಣದಲ್ಲಿ ಗೊತ್ತಾಯಿತು. ಅಳು ಬಂತು, ಸ್ಯಾಂಡ್‌ವಿಚ್ ಪೊಟ್ಟಣದಿಂದ ಮುಖ ಮರೆಮಾಡಿಕೊಂಡೆ.

“ಕಾಚಂಪುಳಿ ಇದೆಯಲ್ಲ?” ಎಂದು ಕೇಳಿದೆ.

“ಇದೆ ಅಕ್ಕ, ಅರ್ಧ ಬಾಟ್ಲು.”

“ಅದನ್ನೂ ಮುಟ್ಬೇಡಿ” ಎಂದು ಹೇಳಿ, ವಿಮಾನದ ಕಡೆ ನಡೆದೆ.