ಗಿಳಿ ಕುಳಿತ ಕೋವಿ

ಓದುಗ ಮಿತ್ರರಲ್ಲಿ ಅರಿಕೆ ಏನೆಂದರೆ, ಭವಾನಿಪುರಂನ ನಮ್ಮ ಬಾಡಿಗೆ ಮನೆಯ ದೇವರ ಮೂಲೆಯಲ್ಲಿ, ಊದುಬತ್ತಿಯ ಡಬ್ಬಿಯ ಪಕ್ಕದಲ್ಲಿ, ಮರದ ಕೋವಿಯೊಂದು ಗೋಡೆಗೆ ಒರಗಿ ನಿಂತಿದೆ. ಹೊಸದಾಗಿ ಬಂದವರು ಮೊದಲು ಅದನ್ನೂ ಆಮೇಲೆ ನನ್ನ ಮುಖವನ್ನೂ ನೋಡುವುದರಿಂದ, ಈ ವಿವರಣೆಯನ್ನು ಸಲ್ಲಿಸುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ನಾನು ಕೊಡಗಿನವನು, ಬ್ಯಾಂಕಿನ ವರ್ಗಾವಣೆಯ ಮೇರೆಗೆ ವಿಜಯವಾಡಕ್ಕೆ ಬಂದವನು. ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸುವುದು ನಮ್ಮ ಸಂಪ್ರದಾಯ. ಊರಿನಲ್ಲಿ ಕೊಡವರ ಕೋವಿಗೆ ಪರವಾನಗಿಯ ವಿನಾಯಿತಿಯುಂಟು. ಹೆಗಲಿಗೇರಿಸಿ ನಡೆದರೂ ಯಾರೂ ತಿರುಗಿ ನೋಡರು. ಹಾಗೆಂದು ಅದನ್ನು ರೈಲಿನಲ್ಲಿ ಆಂಧ್ರಕ್ಕೆ ತರಲಾದೀತೆ? ಒಂದು ವರ್ಷ ಹಬ್ಬದ ಹೊತ್ತಿಗೆ ಅಪ್ಪ ಚಿಕಿತ್ಸೆಗೆಂದು ಬಂದು, ವಿಶಾಖಪಟ್ಟಣದ ಮಧುರವಾಡದಲ್ಲಿ ಅಕ್ಕನ ಮನೆಯಲ್ಲಿದ್ದರು. "ಕೋವಿ ಇಲ್ಲದೆ ಎಂಥ ಹಬ್ಬ ಮಾರಾಯ?" ಎಂದು ಫೋನಿನಲ್ಲಿ ಅವರು ನಿಟ್ಟುಸಿರಿಟ್ಟಾಗ, ಆಟೋನಗರದಲ್ಲಿ ಲಾರಿಗಳಿಗೆ ಮರದ ಬಾಡಿ ಕಟ್ಟಿ ಹೂವು-ಹಕ್ಕಿ ಬರೆಯುವ ಅಪ್ಪಾರಾವು ಅವರಿಂದ ಒಂದು ಕೋವಿ ಮಾಡಿಸಿದೆ. ಅವರು ಅಭ್ಯಾಸಬಲದಿಂದ ಅದರ ಹಿಡಿಯ ಮೇಲೆ ಹಸಿರು ಗಿಳಿಯೊಂದನ್ನೂ ಬರೆದುಬಿಟ್ಟರು. "ಖಾಲಿ ಬಿಟ್ರೆ ಬಾಗುಂಡದು ಸಾರ್, ಚಂದ ಕಾಣಲ್ಲ!"

ಆ ಗಿಳಿಗೆ ನಾಚಿ, ಕೋವಿಯನ್ನು ಚಾದರದಲ್ಲಿ ಬಿಗಿಯಾಗಿ ಸುತ್ತಿಕೊಂಡು ವಿಶಾಖಪಟ್ಟಣದ ರೈಲು ಹತ್ತಿದ್ದೇ ತಪ್ಪಾಯಿತು. ಕಾನೂನಿನ ದೃಷ್ಟಿಯಲ್ಲಿ ಕೇವಲ ಕಟ್ಟಿಗೆಯಾಗಿದ್ದುದು, ಮುಸುಕು ಹಾಕಿದೊಡನೆ ನಿಜವಾದ ಕೋವಿಗಿಂತ ಹೆಚ್ಚು ಕೋವಿಯಾಯಿತು. ಎದುರಿಗಿದ್ದ ಮಹನೀಯರು ಸದ್ದಿಲ್ಲದೆ ಸೀಟು ಬದಲಾಯಿಸಿದರು; ಸ್ವಲ್ಪ ಹೊತ್ತಿಗೆ ಪೊಲೀಸರೊಬ್ಬರು ಬಂದು ನಿಂತರು.

"ಏಮಂಡಿ, ತುಪಾಕೀನಾ?" ಕೋವಿಯೇ ಎಂದು ವಿಚಾರಿಸಿದರು.

ಇವರು ಇದನ್ನು ವಶಪಡಿಸಿಕೊಂಡರೆ ಅಪ್ಪನ ಹಬ್ಬ ಮುಗಿದಂತೆಯೇ ಎಂದುಕೊಂಡೆ. ಚಾದರ ಬಿಚ್ಚಿದೆ.

"ಅಯ್ಯೋ! ತುಪಾಕೀ ಮೀದ ಚಿಲಕಾ!" ಕೋವಿಯ ಮೇಲೆ ಗಿಳಿಯನ್ನು ಕಂಡು ಅವರು ನಕ್ಕ ನಗುವಿಗೆ ಇಡೀ ಬೋಗಿ ಎದ್ದುಬಂದಿತು, ಸೀಟು ಬದಲಾಯಿಸಿದ ಮಹನೀಯರು ಕೋವಿಯನ್ನು ಹೆಗಲಿಗೇರಿಸಿಯೂ ನೋಡಿದರು.

ಮಧುರವಾಡದಲ್ಲಿ ಅಪ್ಪ ಅದನ್ನು ತಿರುವಿ ತಿರುವಿ ನೋಡಿ, ಗಿಳಿಯ ಮೇಲೆ ಬೆರಳಾಡಿಸಿದರು. ಬೇಸರವಾಯಿತೇನೋ ಎಂದು ನಾನು ಕಾದಿದ್ದೆ.

"ನಮ್ಮ ಕೋವಿ ಕಂಡ್ರೆ ಹಕ್ಕಿ ಹಾರಿಹೋಗ್ತಿತ್ತಲ್ಲೋ," ಎಂದರು, "ಇದರ ಮೇಲೆ ಬಂದು ಕೂತುಬಿಟ್ಟಿದೆ!" ಹಾಗೆಂದವರೇ ಬಾಲ್ಕನಿಯ ಕುಂಡದಿಂದ ದಾಸವಾಳವೊಂದನ್ನು ಕಿತ್ತುತಂದು ನಳಿಗೆಯ ತುದಿಗಿಟ್ಟು ಕೈಮುಗಿದರು. ಹಬ್ಬ ಮುಗಿದ ಮೇಲೆ ಕೋವಿಯನ್ನು ನನ್ನೊಡನೆ ಭವಾನಿಪುರಂಗೆ ಮರಳಿ ತಂದೆ.

ಮಿತ್ರರೇ, ಕಾನೂನು ವಸ್ತುವನ್ನು ನೋಡುತ್ತದೆ, ಜನ ಮುಸುಕನ್ನು ನೋಡುತ್ತಾರೆ. ಅವರದೂ ತಪ್ಪೆನ್ನಲಾರೆ, ಮುಸುಕು ಹಾಕಿದವನು ನಾನೇ ತಾನೆ. ಇಷ್ಟು ಬರೆದ ಮೇಲೆ ಎದ್ದುಹೋಗಿ, ಇಷ್ಟು ದಿನ ಗೋಡೆಗೆ ಮುಖಮಾಡಿದ್ದ ಗಿಳಿಯನ್ನು ಬಾಗಿಲ ಕಡೆಗೆ ತಿರುಗಿಸಿ ನಿಲ್ಲಿಸಿದ್ದೇನೆ. ತಾವು ದಯವಿಟ್ಟು ಬರೋಣವಾಗಲಿ.