ತುಳಸಿಗೊಂದು, ಗುಂಡಿಗೊಂದು ಚೊಂಬು

ಬೆಳಿಗ್ಗೆ ಎದ್ದು ಮುಖ ತೊಳೆದವಳೇ ಆಶಾರಾಣಿ ಎರಡು ಚೊಂಬು ನೀರು ಹಿಡಿದು ಹಿತ್ತಲಿಗೆ ಹೋಗುತ್ತಾಳೆ. ಮೊದಲನೆಯದು ತುಳಸಿಗೆ. ಎರಡನೆಯದು ನೆಲದಲ್ಲಿ ಹೂತಿರುವ ಕಬ್ಬಿಣದ ಕೊಳವೆಯ ಬಾಯಿಗೆ. ಮಳೆಗಾಲದಲ್ಲೂ ತಪ್ಪಿಸುವುದಿಲ್ಲ. ತುಳಸಿಗೆ ಹೇಳಿಕೊಂಡ ಮಾತನ್ನೇ ಅಲ್ಲೂ ಹೇಳಿಕೊಳ್ಳುತ್ತಾಳೆ: ಮನೆಯವರನ್ನು ಕಾಪಾಡು ತಾಯಿ.

ಹರದನಹಳ್ಳಿಯಲ್ಲಿ ಅವಳದು ಕೆಟ್ಟ ವಸ್ತು ಹೊರಗೆ ಹೋಗದ ಮನೆ. ಆರಿಹೋದ ಎಲ್‌ಇಡಿ ಬಲ್ಬಿನ ತಲೆ ಬಿಚ್ಚಿ, ಒಳಗೆ ಸುಟ್ಟು ಕಪ್ಪು ಚುಕ್ಕೆ ಬಿದ್ದ ದೀಪದ ಕಾಳನ್ನು ಕೆರೆದು, ಅಲ್ಲಿ ಒಂದು ಹನಿ ಸೀಸ ಬೆಸೆದು ಮತ್ತೆ ಉರಿಸುತ್ತಾಳೆ. ಮಿಕ್ಸಿ ಮೋಟಾರಿನ ಕಾರ್ಬನ್ ಬ್ರಷ್ ಸವೆದರೆ ಹಾಸನದಿಂದ ಹೊಸದು ತಂದು ತಾನೇ ಹಾಕುತ್ತಾಳೆ. ಎಲ್ಲ ಮೊಬೈಲಿನಲ್ಲಿ ವಿಡಿಯೊ ನೋಡಿ, ನಿಲ್ಲಿಸಿ, ಮತ್ತೆ ನೋಡಿ ಕಲಿತದ್ದು. ಗೀಸರ್ ಕೊಳ್ಳುವ ಬದಲು ಅತ್ತೆ ಲಕ್ಕಮ್ಮನ ತಾಮ್ರದ ಹಂಡೆಗೇ ನೀರು ಕಾಯಿಸುವ ಕರೆಂಟಿನ ಕಾಯಿಲ್ ಕೂರಿಸಿದವಳೂ ಅವಳೇ.

ಅಕ್ಕಪಕ್ಕದವರು ಅವಳದು ಗಂಡೆದೆ ಅನ್ನುತ್ತಾರೆ. ಅವಳಿಗೋ ಕರೆಂಟೆಂದರೆ ಪ್ರಾಣಭಯ. ಹಂಡೆಗೆ ಕಾಯಿಲ್ ಕೂರಿಸಿದ ಮರುದಿನವೇ ಹಿತ್ತಲಲ್ಲಿ, ಬಚ್ಚಲ ಗೋಡೆಯ ಬುಡದಲ್ಲಿ, ಎದೆಮಟ್ಟದ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿ, ಕೊಳವೆ ನಿಲ್ಲಿಸಿ, ಹಂಡೆಯಿಂದ ಅದಕ್ಕೆ ತಂತಿ ಎಳೆದಳು. ಕಾಯಿಲ್ ಕೆಟ್ಟು ಹಂಡೆಗೆ ಕರೆಂಟು ಹರಿದರೆ ಅದು ಮನುಷ್ಯರ ಮೈ ಹಿಡಿಯದೆ ಭೂಮಿಗೆ ಇಳಿಯಲಿ ಎಂದು. ಗುಂಡಿ ಒಣಗಿದರೆ ಸರಿಯಾಗಿ ಇಳಿಯುವುದಿಲ್ಲ. ಅದಕ್ಕೇ ಆ ಎರಡನೆಯ ಚೊಂಬು.

ಕಳೆದ ಬೇಸಿಗೆಯಲ್ಲಿ ತಮ್ಮನ ಮಗುವಿನ ನಾಮಕರಣಕ್ಕೆಂದು ಮಗಳನ್ನು ಕರೆದುಕೊಂಡು ಅರಕಲಗೂಡಿನ ತವರಿಗೆ ಹೋದವಳು ವಾರ ಕಳೆದು, ಕತ್ತಲಾದ ಮೇಲೆ ಮನೆ ಸೇರಿದಳು. ಬೆಳಿಗ್ಗೆ ಚೊಂಬು ಹಿಡಿದು ಹಿತ್ತಲಿಗೆ ಕಾಲಿಟ್ಟವಳು ಅಲ್ಲೇ ನಿಂತಳು. ಬಚ್ಚಲ ಗೋಡೆಯ ಪಕ್ಕ, ಗುಂಡಿ ಇದ್ದಲ್ಲೇ, ಹೊಸ ತುಳಸಿಕಟ್ಟೆ ಎದ್ದಿತ್ತು. ಕೆಂಪು ಬಳಿದು, ಸುತ್ತ ಸಿಮೆಂಟು ಹಾಕಿ, ರಂಗೋಲಿ ಬಿಟ್ಟಿದ್ದರು. ಕೊಳವೆ ಇರಲಿಲ್ಲ.

ಲಕ್ಕಮ್ಮ ಹಿಂದೆಯೇ ಬಂದಳು. "ಎಂಗೈತೆ? ದಿನಾ ಕೆಸರು ತುಳ್ಕೊಂಡು ಎಲ್ಡು ಕಡೆ ನೀರು ಉಯ್ತಿದ್ದೆ. ಈಗ ಒಂದೇ ಕಡೆ ಆಯ್ತು ಕಣವ್ವ. ಒಂದೇ ಚೊಂಬು ಸಾಕು."

"ಕೊಳವೆ ಎಲ್ಲಿ ಅತ್ತೆ?"

"ಗಾರೆಯೋನು ಕುಯ್ದು ಬಿಸಾಕ್ದ. ಅಡ್ಡ ಬತ್ತಿತ್ತು."

"ತಂತಿ?"

"ಅದ ಮಡಗಿವ್ನಿ. ಬಟ್ಟೆ ಒಣಗಾಕಕ್ಕೆ ಆಯ್ತದೆ."

ಆಶಾರಾಣಿ ಬಚ್ಚಲ ಕಡೆ ತಿರುಗಿದಳು. "ನೀವು ಹಂಡೆ ಮುಟ್ಟಿದ್ರಾ?"

"ಮುಟ್ಟದೆ ಮೀಯಕ್ಕಾಯ್ತದಾ? ನಿನ್ನೆಯಿಂದ ಅದೇನೋ, ಮುಟ್ಟಿದ್ರೆ ಕೈಯಲ್ಲಿ ಇರುವೆ ಅರ್ದಂಗೆ ಆಯ್ತದೆ. ಮಂಡಿ ನೋವಿಗೆ ಒಸಿ ಸುಖ ಅನ್ಸ್ತು. ಇನ್ನೊಂದು ಕಿತ ಮುಟ್ಟಿದೆ."

ಲಕ್ಕಮ್ಮ ಒಣಗಿದ ಮರದ ಮಣೆಯ ಮೇಲೆ ಕೂತು ಮೀಯುವವಳು. ಆ ಮಣೆಯೇ ಅವಳನ್ನು ಉಳಿಸಿತ್ತು. ಆಶಾರಾಣಿ ಕೈ ಮುಗಿಯಬೇಕೆನ್ನುವಷ್ಟರಲ್ಲಿ ಬಚ್ಚಲೊಳಗೆ ನೀರು ಸುರಿದ ಸದ್ದಾಯಿತು.

ಮಗಳು ಮಾನಸಾ. ಅವಳು ಮಣೆ ಹಾಕಿಕೊಳ್ಳುವವಳಲ್ಲ. ಒದ್ದೆ ಕಲ್ಲಿನ ಮೇಲೆ ನಿಂತು, ಹಂಡೆ ಕಾಯುತ್ತಿರುವಾಗಲೇ ತೋಡಿಕೊಳ್ಳುವವಳು.

"ಹಂಡೆ ಮುಟ್ಟಬೇಡ!" ಎಂದು ಕೂಗಿದಳೋ, ಕೂಗಿದೆನೆಂದುಕೊಂಡಳೋ. ಚೊಂಬುಗಳು ಉರುಳಿದವು. ಪಡಸಾಲೆಯ ಮೇನ್ ಬೋರ್ಡಿಗೆ ಓಡಿ ಫ್ಯೂಸ್ ಕಿತ್ತಳು. ಫ್ಯಾನು ತಿರುಗುತ್ತ ತಿರುಗುತ್ತ ನಿಂತಿತು. ಬಚ್ಚಲಲ್ಲಿ ನೀರಿನ ಸದ್ದೂ ನಿಂತಿತ್ತು.

"ಮಾನಸಾ."

ಉತ್ತರವಿಲ್ಲ. ಒಳಗಿನಿಂದ ಚಿಲಕ. ಎರಡೂ ಕೈಯಲ್ಲಿ ಬಾಗಿಲು ಬಡಿದಳು. ಕಾಸು ಉಳಿಸಲು ಹೋಗಿ ಮಗಳನ್ನೇ ಕಳೆದುಕೊಂಡೆನೆ? "ಮಗಾ, ಮಾತಾಡೇ!"

"ಏನಮ್ಮ ನಿಂದು! ಬಾಯಿಗೆಲ್ಲ ಸೋಪು ಹೋಯ್ತು. ಬಿಸಿನೀರು ಇನ್ನೂ ತೋಡೇ ಇಲ್ಲ, ಕರೆಂಟ್ ಬೇರೆ ಹೋಗೈತೆ."

ಆಶಾರಾಣಿ ಬಾಗಿಲಿಗೆ ಒರಗಿ ಕೂತಳು. ಲಕ್ಕಮ್ಮನಿಗೆ ಈಗ ಅರ್ಥವಾಗತೊಡಗಿತ್ತು. ಇರುವೆ ಹರಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಿಂತಿದ್ದಳು.

ಮಧ್ಯಾಹ್ನ ಮೈದುನ, ಗಂಡನ ಚಿಕ್ಕಪ್ಪನ ಮಗ ಮೋಹನ್‌ಕುಮಾರ್ ಬಂದ. ಊರಲ್ಲಿ ವೈರಿಂಗ್ ಕೆಲಸ ಮಾಡುವವನು. ಕಾಯಿಲ್ ಕಳಚಿ, ಕೂದಲೆಳೆಯ ಬಿರುಕನ್ನು ಉಗುರಿನಲ್ಲಿ ತೋರಿಸಿದ. "ಇದು ಬಿಸಾಕಿ ಅತ್ತಿಗೆ. ಒಸದು ಆಕಾನ. ಆದ್ರೆ ಕರೆಂಟು ಭೂಮಿಗಿಳಿಯೋ ಅರ್ತಿಂಗ್ ಇಲ್ದೆ ಆಗಲ್ಲ."

"ಕಟ್ಟೆ ಒಡೀಬ್ಯಾಡ ಕಣಪ್ಪ," ಲಕ್ಕಮ್ಮ ಕಟ್ಟೆಗೆ ಅಡ್ಡ ನಿಂತಳು. "ಪೂಜೆ ಆಗಿರೋದು."

"ಯಾರು ಒಡೀತಾರೆ ದೊಡ್ಡವ್ವ? ಗೋಡೆ ಆಚೆ ನಲ್ಲಿ ಪೈಪ್ ಐತಲ್ಲ, ಅದಕ್ಕೆ ತಂತಿ ಬಿಗಿದ್ರೆ ಆಯ್ತು. ಅರ್ಧ ಊರು ಅಂಗೇ ಮಾಡ್ಕಂಡದೆ. ಈಗ್ಲೇ ಆಕ್ಕೊಡ್ತೀನಿ. ಕಾಸೂ ಬ್ಯಾಡ, ಒಂದು ಲೋಟ ಕಾಫಿ ಕೊಡಿ ಸಾಕು."

ಲಕ್ಕಮ್ಮನ ಮುಖ ಅರಳಿತು. ಆಶಾರಾಣಿ ಗೋಡೆಯ ಆಚೆ ನೋಡಿದಳು. ಬೀದಿಗೆಲ್ಲ ಅದೊಂದೇ ಕಬ್ಬಿಣದ ಪೈಪು. ಬರಿಗಾಲಲ್ಲಿ ನಿಂತ ಪಕ್ಕದ ಮನೆಯ ಸುಬ್ಬಮ್ಮ ಒಂದು ಕೈಯಲ್ಲಿ ನಲ್ಲಿ ಹಿಡಿದು, ಇನ್ನೊಂದರಲ್ಲಿ ಕೊಡ ಸರಿಮಾಡುತ್ತಿದ್ದಳು. ಹಂಡೆಯ ಕರೆಂಟು ಆ ಪೈಪಿಗೆ ಇಳಿದರೆ ಹಿಡಿಯುವುದು ಅವಳ ಕೈಯನ್ನೇ.

ಅವಳು ಮೂಲೆಯಲ್ಲಿದ್ದ ಹಾರೆ ಎತ್ತಿಕೊಂಡು, ಹೊಸ ಗುಂಡಿ ತೋಡಲು ಕಟ್ಟೆಯಿಂದ ದೂರಕ್ಕೆ, ಹಿತ್ತಲ ಆ ತುದಿಗೆ ನಡೆದಳು.

"ಬೇಡ ಮೋಹನ," ಎಂದಳು. "ಕಾಫಿ ಕುಡಿದೇ ಹೋಗು. ಆ ಪೈಪಿಗೆ ಮಾತ್ರ ನಮ್ಮನೆ ತಂತಿ ಕಟ್ಟಬೇಡ."